ಆಲಿಮರಿಗೆ ಅನ್ನ ಹಾಕುವವರು ಯಾರು?

(ಗಿರಣಿ ಕೆಲಸಗಾರರೂ ಪೇಟೆಯ ಸಣ್ಣ ವ್ಯಾಪಾರಸ್ಥರೂ ಸೇರಿದ್ದ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)

ಈ ಕೂಟದಲ್ಲಿ ನಾವು ಸಾಮಾನ್ಯವಾಗಿ ಪಗಾರ, ಬೋನಸ್ಸು, ತೆರಿಗೆ, ಬಾಡಿಗೆ ಇವುಗಳ ಮಾತನ್ನೇ ಆಡುತ್ತೇವೆ. ಇಂದು ಇಸ್ಲಾಂ ಧರ್ಮದ ವಿದ್ವಾಂಸರ ವಿಷಯ ಎತ್ತಿಕೊಂಡಿದ್ದೇವೆ. ಇದು ನಮಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಗಿರಣಿಯಲ್ಲಿ ಪಕ್ಕದ ಮಗ್ಗದ ಮುಂದೆ ನಿಲ್ಲುವವನು, ಪೇಟೆಯಲ್ಲಿ ಎದುರಿನ ಅಂಗಡಿಯ ಬಾಗಿಲು ತೆಗೆಯುವವನು ಎಷ್ಟೋ ಕಡೆ ಮುಸಲ್ಮಾನ. ಅವನ ಮೌಲ್ವಿ ಏನು ಓದಿದವನು, ಅವನ ಮಾತಿಗೆ ಎಷ್ಟು ತೂಕ, ಅವನ ಮನೆಯ ಒಲೆ ಹೇಗೆ ಉರಿಯುತ್ತದೆ ಎಂಬುದು ಪಕ್ಕದವನಿಗೆ ತಿಳಿದಿಲ್ಲ. ತಿಳಿವಳಿಕೆ ಇಲ್ಲದ ಕಡೆ ಗುಮಾನಿ ಬೆಳೆಯುತ್ತದೆ. ಆ ಗುಮಾನಿಗೆ ನೀರೆರೆದು ಚುನಾವಣೆಯಲ್ಲಿ ಫಸಲು ಕೊಯ್ಯುವವರು ಎಲ್ಲ ಊರಿನಲ್ಲೂ ಇದ್ದಾರೆ. ಆದ್ದರಿಂದ ಈ ವಿಷಯ ನಮಗೆ ಸಂಬಂಧಿಸಿದ್ದೇ.

ಧರ್ಮದ ಒಳ ತತ್ವಗಳನ್ನು ವಿಚಾರ ಮಾಡಲು ನಾವು ಹೊರಟಿಲ್ಲ. ನಮ್ಮ ಪ್ರಶ್ನೆ ಕೆಲಸಗಾರನ ಪ್ರಶ್ನೆ: ಈ ವಿದ್ವಾಂಸ ಯಾರ ಅನ್ನ ತಿಂದು ಓದಿದ? ಅನ್ನ ಹಾಕಿದವರ ಮುಂದೆ ಅವನು ನೆಟ್ಟಗೆ ನಿಂತು ಮಾತಾಡಬಲ್ಲನೆ? ಸಾವಿರದ ಮುನ್ನೂರು ವರ್ಷಗಳ ಚರಿತ್ರೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತಿದೆ.

ಮೊದಲು ಕೆಲವು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಅರಬ್ಬಿಯಲ್ಲಿ ‘ಆಲಿಮ್’ ಎಂದರೆ ತಿಳಿದವನು; ಅದರ ಬಹುವಚನವೇ ‘ಉಲೇಮಾ’. ಕುರಾನನ್ನು ಆದ್ಯಂತ ಬಾಯಿಪಾಠ ಮಾಡಿದವನು ಹಾಫಿಜ್. ನಮಾಜಿಗೆ ಮುಂದೆ ನಿಲ್ಲುವವನು ಇಮಾಮ. ಧರ್ಮಶಾಸ್ತ್ರದ ಸಂದೇಹಕ್ಕೆ ಅಭಿಪ್ರಾಯ ಹೇಳುವವನು ಮುಫ್ತಿ. ಆ ಅಭಿಪ್ರಾಯವೇ ಫತ್ವಾ. ದೊರೆಯ ನೇಮಕದಿಂದ ತೀರ್ಪು ಕೊಡುತ್ತಿದ್ದವನು ಖಾಜಿ. ಖಾಜಿಯ ತೀರ್ಪಿನ ಬೆನ್ನಿಗೆ ಸರಕಾರದ ದಂಡವಿತ್ತು. ಮುಫ್ತಿಯ ಫತ್ವಾದ ಬೆನ್ನಿಗೆ ಅವನ ವಿದ್ಯೆಯ ಮೇಲಿನ ಗೌರವ ಬಿಟ್ಟರೆ ಬೇರೇನೂ ಇರಲಿಲ್ಲ. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯ ಕೂಡ ೨೦೧೪ರಲ್ಲಿ ಇದನ್ನೇ ಸ್ಪಷ್ಟಪಡಿಸಿತು: ಫತ್ವಾಕ್ಕೆ ಕಾನೂನಿನ ಬಲವಿಲ್ಲ, ಅದನ್ನು ಯಾರ ಮೇಲೂ ಹೇರುವಂತಿಲ್ಲ.

ಇನ್ನೊಂದು ಮುಖ್ಯ ಸಂಗತಿ. ಮುಸಲ್ಮಾನರಲ್ಲಿ ಬಹುಸಂಖ್ಯಾತರಾದ ಸುನ್ನಿಗಳಲ್ಲಿ ಹುಟ್ಟಿನಿಂದ ಬರುವ ಪೌರೋಹಿತ್ಯವಿಲ್ಲ. ಓದಿದವನು ಆಲಿಮ್, ಓದದವನು ಅಲ್ಲ. ತಂದೆ ಯಾರು ಎಂಬುದು ನಿಯಮದಲ್ಲಿ ಬರುವುದಿಲ್ಲ. ಆಚರಣೆಯಲ್ಲಿ ಮನೆತನ, ಕುಲ, ಹಣ ನುಸುಳದೆ ಇರಲಿಲ್ಲ, ನಿಜ. ಆದರೂ ಬಾಗಿಲಿಗೆ ಬೀಗ ಇರಲಿಲ್ಲವೆಂಬುದು ಸಣ್ಣ ಮಾತಲ್ಲ.

ಆ ಬಾಗಿಲಿನಿಂದ ಯಾರು ಯಾರು ಒಳಗೆ ಬಂದರು ಎಂಬುದನ್ನು ಹಳೆಯ ವಿದ್ವಾಂಸರ ಹೆಸರುಗಳೇ ಹೇಳುತ್ತವೆ. ಒಂಬತ್ತನೆಯ ಶತಮಾನದ ಬಗದಾದಿನಲ್ಲಿ ಧರ್ಮದತ್ತಿಯ ಕಾನೂನಿನ ಮೇಲೆ ಪ್ರಮಾಣಗ್ರಂಥ ಬರೆದವನು ಖಸ್ಸಾಫ್. ಆ ಪದಕ್ಕೆ ಅರ್ಥ ಪಾದರಕ್ಷೆ ಹೊಲಿಯುವವನು; ಅವನು ಆ ಕಸುಬಿನಿಂದಲೇ ಹೊಟ್ಟೆ ಹೊರೆದನೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಜಸ್ಸಾಸ್ ಎಂದರೆ ಗಾರೆಯವನು. ಮರ್ವ್ ಪಟ್ಟಣದ ಕಫ್ಫಾಲ್ ಬೀಗ ಮಾಡುವವನು. ಮೂವತ್ತರ ಸುಮಾರಿಗೆ ಉಳಿ ಕೆಳಗಿಟ್ಟು ಓದಲು ಕುಳಿತು ಶಾಫಿ ಪಂಥದ ದೊಡ್ಡ ಗುರುವಾದ. ಬಟ್ಟೆ ವ್ಯಾಪಾರದವರಂತೂ ಲೆಕ್ಕವಿಲ್ಲದಷ್ಟು.

ಈ ಬಟ್ಟೆ ವ್ಯಾಪಾರಿಗಳಲ್ಲಿ ಅತಿ ದೊಡ್ಡವರು ಇಮಾಮ್ ಅಬೂ ಹನೀಫಾ. ಭಾರತದ ಮುಸಲ್ಮಾನರಲ್ಲಿ ಹೆಚ್ಚಿನವರು ನಡೆಯುವುದು ಅವರ ಹೆಸರಿನ ಹನಫಿ ಪಂಥದಲ್ಲಿ. ನಮ್ಮ ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಮಾತ್ರ ಹೆಚ್ಚಾಗಿ ಶಾಫಿ ಪಂಥದವರು. ಅಬೂ ಹನೀಫಾ ಇರಾಕಿನ ಕೂಫಾ ಪಟ್ಟಣದಲ್ಲಿ ರೇಷ್ಮೆ ಬೆರೆತ ಬಟ್ಟೆಯ ಅಂಗಡಿ ಇಟ್ಟಿದ್ದರು. ಒಮ್ಮೆ ಅವರ ಪಾಲುದಾರ, ದೋಷವಿದ್ದ ಒಂದು ಬಟ್ಟೆಯನ್ನು ದೋಷ ಹೇಳುವುದನ್ನು ಮರೆತು ಮಾರಿಬಿಟ್ಟನಂತೆ. ಕೊಂಡವನು ಯಾರೆಂದು ತಿಳಿಯಲಿಲ್ಲ. ಅಬೂ ಹನೀಫಾ ಆ ಸರಕಿನ ಹಣವನ್ನೆಲ್ಲ ದಾನ ಮಾಡಿದರೆಂದು ಅವರ ಚರಿತ್ರೆಯಲ್ಲಿದೆ. ತಕ್ಕಡಿ ಹಿಡಿಯುವ ನಮ್ಮ ವ್ಯಾಪಾರಿ ಮಿತ್ರರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಖಲೀಫ ಮನ್ಸೂರನು ಇವರನ್ನು ಕರೆಸಿ ಖಾಜಿಯ ಹುದ್ದೆ ಒಪ್ಪಿಕೋ ಎಂದ. ಅವರು ತಾನು ಯೋಗ್ಯನಲ್ಲ ಎಂದರು. ಸುಳ್ಳು ಹೇಳುತ್ತೀ ಎಂದು ಖಲೀಫ ಗದರಿದ. ಹಾಗಾದರೆ ಸುಳ್ಳುಗಾರನಾದ ನಾನು ನ್ಯಾಯಾಧೀಶನಾಗುವುದು ಸರಿಯೆ ಎಂದು ಅವರು ತಿರುಗಿ ಕೇಳಿದರೆಂಬ ಕಥೆ ಇಂದಿಗೂ ಮದರಸಾಗಳಲ್ಲಿ ಹೇಳುತ್ತಾರೆ. ಹುದ್ದೆ ಒಲ್ಲೆನೆಂದದ್ದಕ್ಕೆ ಸೆರೆಮನೆ ಸಿಕ್ಕಿತು. ೭೬೭ರಲ್ಲಿ ಬಗದಾದಿನಲ್ಲಿ ಅವರು ತೀರಿಕೊಂಡರು. ಅವರಿಗೆ ಈ ಎದೆಗಾರಿಕೆ ಎಲ್ಲಿಂದ ಬಂತು? ಭಕ್ತಿಯಿಂದ ಬಂತು, ಒಪ್ಪೋಣ. ಆದರೆ ಕೂಫಾದ ಆ ಅಂಗಡಿಯಿಂದಲೂ ಸ್ವಲ್ಪ ಬಂತು. ಖಲೀಫನ ಸಂಬಳವಿಲ್ಲದೆ ಅವರ ಮನೆ ನಡೆಯುತ್ತಿತ್ತು. ಅಷ್ಟೇ ಅಲ್ಲ, ಬಡ ಶಿಷ್ಯರ ಮನೆಯೂ ಆ ಅಂಗಡಿಯಿಂದಲೇ ನಡೆಯುತ್ತಿತ್ತು.

ಅಂಥ ಬಡ ಶಿಷ್ಯರಲ್ಲಿ ಒಬ್ಬ ಅಬೂ ಯೂಸುಫ್. ಗುರು ಬಿಟ್ಟ ಹುದ್ದೆಯನ್ನು ಈತ ಹಿಡಿದ. ಖಲೀಫ ಹಾರೂನ್ ಅಲ್ ರಶೀದನ ಕಾಲಕ್ಕೆ ಮುಖ್ಯ ನ್ಯಾಯಾಧೀಶನಾದ. ಅರಮನೆಗೆ ಹೋದವನೆಂದು ಇವನನ್ನು ತಳ್ಳಿಹಾಕುವುದು ನ್ಯಾಯವಲ್ಲ. ಖಲೀಫನಿಗಾಗಿ ಬರೆದ ಕಂದಾಯದ ಗ್ರಂಥದಲ್ಲಿ, ಕಂದಾಯ ವಸೂಲಿಯನ್ನು ಗುತ್ತಿಗೆಗೆ ಕೊಡಬೇಡ, ರೈತನನ್ನು ಹೊಡೆದು ಬಿಸಿಲಲ್ಲಿ ನಿಲ್ಲಿಸಿ ಹಣ ಕೀಳಬೇಡ ಎಂದು ಇದೇ ಅಬೂ ಯೂಸುಫ್ ಬುದ್ಧಿ ಹೇಳಿದ್ದಾನೆ. ಒಳಗೆ ಹೋಗಿ ಹೇಳುವವನೂ ಬೇಕು, ಹೊರಗೆ ನಿಂತು ಹೇಳುವವನೂ ಬೇಕು. ಆದರೆ ಒಳಗಿನವನ ಮಾತನ್ನು ದೊರೆ ಕೇಳುವುದು ಹೊರಗಿನವನು ಇನ್ನೂ ನಿಂತಿದ್ದಾನೆಂಬ ಅಂಜಿಕೆ ಇರುವವರೆಗೆ ಮಾತ್ರ.

ಕಾಲ ಕಳೆದಂತೆ ದೊರೆಗಳಿಗೆ ಒಂದು ವಿಷಯ ಹೊಳೆಯಿತು. ವಿದ್ವಾಂಸನನ್ನು ಸೆರೆಗೆ ಹಾಕುವುದಕ್ಕಿಂತ ಶಾಲೆ ಕಟ್ಟಿಸಿಕೊಟ್ಟು ಸಂಬಳ ಗೊತ್ತುಮಾಡುವುದು ಲೇಸು! ಸೆಲ್ಜೂಕ್ ಸುಲ್ತಾನರ ಮಂತ್ರಿ ನಿಜಾಮುಲ್ ಮುಲ್ಕ್ ೧೦೬೭ರಲ್ಲಿ ಬಗದಾದಿನಲ್ಲಿ ನಿಜಾಮಿಯಾ ಮದರಸಾ ತೆರೆದ. ಗುರುಗಳಿಗೆ ಸಂಬಳ, ವಿದ್ಯಾರ್ಥಿಗಳಿಗೆ ಊಟ, ವಸತಿ. ಬಡವರ ಮಕ್ಕಳು ಓದಿದರು. ಅದು ದೊಡ್ಡ ಉಪಕಾರವೇ. ಜೊತೆಗೆ ಗುರುವನ್ನು ನೇಮಿಸುವ, ತೆಗೆಯುವ ಅಧಿಕಾರ ಮಂತ್ರಿಯ ಕೈಗೆ ಬಂತು. ಆ ಕಾಲದ ಮಹಾವಿದ್ವಾಂಸ ಗಜ್ಜಾಲಿ ೧೦೯೧ರಲ್ಲಿ ಅಲ್ಲಿ ಗುರುವಾದರು. ನಾಲ್ಕು ವರ್ಷಕ್ಕೆ ಆ ಪೀಠ ಬಿಟ್ಟು ಹೊರಟುಹೋದರು. ಪಾಲೆಸ್ತೀನಿನ ಹೆಬ್ರೋನಿನಲ್ಲಿ, ಪ್ರವಾದಿ ಇಬ್ರಾಹಿಮರ ಸಮಾಧಿಯ ಎದುರು, ಇನ್ನು ಮುಂದೆ ಸುಲ್ತಾನನ ಹಣ ಮುಟ್ಟುವುದಿಲ್ಲ, ಸುಲ್ತಾನನ ದರಬಾರಿಗೆ ಹೋಗುವುದಿಲ್ಲ ಎಂದು ಹರಕೆ ಹೊತ್ತರು.

ನಮ್ಮ ನಾಡಿನಲ್ಲೇ ಇದಕ್ಕೆ ಒಂದು ಕಲ್ಲಿನ ಸಾಕ್ಷಿ ನಿಂತಿದೆ. ಬೀದರಿಗೆ ಹೋದವರು ಮಹಮೂದ್ ಗವಾನನ ಮದರಸಾ ನೋಡಿರುತ್ತೀರಿ. ಗವಾನ್ ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಕ್ಕೆಂದು ಬಂದವನು, ಬಹಮನಿ ರಾಜ್ಯದ ಮಂತ್ರಿಯಾದ. ೧೪೭೨ರಲ್ಲಿ ಮೂರು ಅಂತಸ್ತಿನ ವಿದ್ಯಾಶಾಲೆ ಕಟ್ಟಿಸಿದ. ದೂರದೇಶದ ಪಂಡಿತರನ್ನು ಕರೆಸಿದ. ಮೂರು ಸಾವಿರ ಗ್ರಂಥಗಳ ಭಂಡಾರ ಇಟ್ಟಿದ್ದನೆನ್ನುತ್ತಾರೆ. ೧೪೮೧ರಲ್ಲಿ, ಶತ್ರುಗಳು ಹುಟ್ಟಿಸಿದ ಖೋಟಾ ಪತ್ರವನ್ನು ನಂಬಿ ಸುಲ್ತಾನನು ಅವನ ತಲೆ ತೆಗೆಸಿದ. ಆ ಮೇಲೆ ರಾಜ್ಯ ಹೋಳಾಯಿತು. ಎರಡು ನೂರು ವರ್ಷದ ಮೇಲೆ ಔರಂಗಜೇಬನ ಸೈನ್ಯ ಆ ವಿದ್ಯಾಶಾಲೆಯಲ್ಲಿ ಸಿಡಿಮದ್ದು ತುಂಬಿಟ್ಟಿತು. ೧೬೯೦ರ ದಶಕದಲ್ಲಿ ಅದು ಸಿಡಿದು ಕಟ್ಟಡದ ಒಂದು ಭಾಗ ಉರುಳಿತು. ಗವಾನನ ಔದಾರ್ಯದಲ್ಲಿ ಕೊರತೆ ಇರಲಿಲ್ಲ. ಆದರೆ ವಿದ್ಯೆಯ ಭಾರವೆಲ್ಲ ಒಬ್ಬನ ತಲೆಯ ಮೇಲಿದ್ದರೆ, ಆ ತಲೆ ಹೋದ ದಿನ ವಿದ್ಯೆಯ ಗತಿ ಏನು?

ಉತ್ತರ ಹಿಂದೂಸ್ಥಾನದಲ್ಲೂ ಇದೇ ವ್ಯವಸ್ಥೆ. ಲಖನೌದ ಫಿರಂಗಿ ಮಹಲ್ ಎಂಬ ಮನೆ ಮೊದಲು ಒಬ್ಬ ಯೂರೋಪಿಯನ್ ವ್ಯಾಪಾರಿಯದು. ಔರಂಗಜೇಬನು ಅದನ್ನು ವಿದ್ವಾಂಸರ ಮನೆತನವೊಂದಕ್ಕೆ ಕೊಟ್ಟ. ಆ ಮನೆತನದ ಮುಲ್ಲಾ ನಿಜಾಮುದ್ದೀನರು ೧೭೪೮ರಲ್ಲಿ ತೀರಿಕೊಂಡರು. ಅವರು ಗೊತ್ತುಮಾಡಿದ ಪಾಠಕ್ರಮಕ್ಕೆ ‘ದರ್ಸೆ ನಿಜಾಮಿ’ ಎಂದು ಹೆಸರು. ಅರಬ್ಬಿ ವ್ಯಾಕರಣ, ತರ್ಕ, ತತ್ವಶಾಸ್ತ್ರ, ಯೂಕ್ಲಿಡನ ರೇಖಾಗಣಿತ, ಅಲಂಕಾರ, ಧರ್ಮಶಾಸ್ತ್ರ, ಕುರಾನಿನ ವ್ಯಾಖ್ಯಾನ, ಹದೀಸು. ತರ್ಕಕ್ಕೆ ಅದರಲ್ಲಿ ದೊಡ್ಡ ಪಾಲು. ಏಕೆಂದರೆ ಓದಿದ ಹುಡುಗ ನವಾಬನ ಕಚೇರಿಯಲ್ಲಿ ಖಾಜಿ, ಮುಫ್ತಿ, ಮುನ್ಷಿ ಆಗಬೇಕಿತ್ತು. ಮದರಸಾದ ಪಾಠ ಅಂದಿನ ನೌಕರಿಯ ಪಾಠವೂ ಆಗಿತ್ತೆಂಬುದನ್ನು ನೆನಪಿಡಿ.

ಇಂಗ್ಲಿಷರು ಬಂದರು. ತೆರಿಗೆಯಿಲ್ಲದ ಇನಾಮು ಭೂಮಿಗಳನ್ನು ಕಿತ್ತುಕೊಂಡರು. ೧೮೩೭ರಲ್ಲಿ ಕಚೇರಿಯಿಂದ ಪಾರ್ಸಿ ಭಾಷೆ ಹೊರಟಿತು. ೧೮೫೭ರ ದಂಗೆಯ ಮೇಲೆ ದೆಹಲಿ ಹಾಳಾಯಿತು. ೧೮೬೪ರ ಕಾನೂನು ನ್ಯಾಯಾಲಯಗಳಿಂದ ಖಾಜಿ, ಮುಫ್ತಿಗಳ ಹುದ್ದೆಗಳನ್ನೇ ತೆಗೆದುಹಾಕಿತು. ಅರಮನೆಯ ಒಲೆ ಆರಿತು. ವಿದ್ವಾಂಸನ ಮುಂದೆ ಉಳಿದವರು ಜನರು ಮಾತ್ರ.

ಇಲ್ಲಿಂದಲೇ ದೇವಬಂದಿನ ಕಥೆ ಆರಂಭ. ಸಹಾರನಪುರ ಜಿಲ್ಲೆಯ ಆ ಸಣ್ಣ ಊರಿನಲ್ಲಿ ೧೮೬೬ರ ಮೇ ತಿಂಗಳಲ್ಲಿ, ಒಂದು ಮಸೀದಿಯ ದಾಳಿಂಬೆ ಗಿಡದ ಕೆಳಗೆ, ಒಬ್ಬ ಗುರು ಒಬ್ಬ ಶಿಷ್ಯನಿಗೆ ಪಾಠ ಆರಂಭಿಸಿದ. ಹಾಜಿ ಆಬಿದ್ ಹುಸೇನರು ಬಟ್ಟೆಯ ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ ಚಂದಾ ಎತ್ತಿದರೆಂದು ಆ ಸಂಸ್ಥೆಯ ಚರಿತ್ರೆ ಹೇಳುತ್ತದೆ. ಅದರ ಹಿಂದಿನ ಮುಖ್ಯ ಚೇತನ ಮೌಲಾನಾ ಮಹಮ್ಮದ್ ಕಾಸಿಂ ನಾನೌತವಿ. ಇವರ ಕಸುಬು ಏನು ಗೊತ್ತೆ? ದೆಹಲಿ, ಮೀರತ್ತಿನ ಛಾಪಖಾನೆಗಳಲ್ಲಿ ಕರಡು ತಿದ್ದುವುದು. ಅಚ್ಚುಮಸಿಯ ವಾಸನೆ ಗೊತ್ತಿದ್ದ ಕೆಲಸಗಾರ ಅವರು.

ಆ ಕಾಸಿಂ ಸಾಹೇಬರು ಮದರಸಾಕ್ಕೆ ಎಂಟು ನಿಯಮಗಳನ್ನು ಬರೆದಿಟ್ಟರು. ಅದರ ತಿರುಳು ಹೀಗೆ: ಚಂದಾ ಹೆಚ್ಚಿಸುವ ಕಡೆ ಸದಾ ಗಮನವಿರಲಿ. ಗೊತ್ತಾದ ಆದಾಯ ಇಲ್ಲದಿರುವವರೆಗೆ ಈ ಶಾಲೆ ನಡೆಯುತ್ತದೆ. ಜಹಗೀರು, ಕಾರಖಾನೆ, ವ್ಯಾಪಾರ, ದೊಡ್ಡ ಶ್ರೀಮಂತನ ಆಶ್ವಾಸನೆ ಇಂಥದೊಂದು ಸಿಕ್ಕಿತೆಂದರೆ ದೇವರ ಮೇಲಿನ ಭರವಸೆ ಹೋಗಿ ಒಳಜಗಳ ಹುಟ್ಟುತ್ತದೆ. ಸರಕಾರ ಮತ್ತು ಧನಿಕರು ಕೈಹಾಕುವುದು ಹಾನಿಕರ. ಹೆಸರಿಗಾಗಿ ಕೊಡದವರ ಚಂದಾದಲ್ಲಿ ಬರಕತ್ತು ಹೆಚ್ಚು. ಬಾಂಧವರೆ, ಸಂಘದ ಪೆಟ್ಟಿಗೆಗೆ ವಾರ ವಾರ ಚಿಲ್ಲರೆ ಹಾಕುವ ನಮಗೆ ಈ ಮಾತಿನ ಬೆಲೆ ತಿಳಿಯದೆ? ಮಾಲೀಕನ ಕೊಡುಗೆಯಿಂದ ನಡೆಯುವ ಸಂಘ ಯಾರ ಸಂಘ?

ಚಂದಾ ಹಣದ ರೂಪದಲ್ಲೇ ಬರಬೇಕೆಂದಿರಲಿಲ್ಲ. ಧಾನ್ಯ, ಪಾತ್ರೆ, ಪುಸ್ತಕ ಎಲ್ಲ ಬಂದವು. ಊರಿನ ಮನೆಗಳವರು ಹುಡುಗರಿಗೆ ಊಟ ಹಾಕಿದರು. ನಮ್ಮಲ್ಲಿ ವಾರಾನ್ನ ಉಂಡು ಓದಿದ ಹುಡುಗರು, ಮಠದ ಪ್ರಸಾದ ನಿಲಯದಲ್ಲಿ ಉಂಡು ವಕೀಲರೂ ಮೇಷ್ಟರೂ ಆದವರು ಎಷ್ಟಿಲ್ಲ? ಅದೇ ರೀತಿ. ಕೊಟ್ಟವರ ಹೆಸರುಗಳನ್ನು, ಕೊಟ್ಟದ್ದು ಎಷ್ಟೇ ಅಲ್ಪವಿರಲಿ, ವರ್ಷದ ವರದಿಯಲ್ಲಿ ಅಚ್ಚುಹಾಕಿಸುತ್ತಿದ್ದರು. ತರಗತಿ, ಪರೀಕ್ಷೆ, ಗ್ರಂಥಾಲಯ, ಹಾಜರಿ ಎಲ್ಲ ಇಂಗ್ಲಿಷ್ ಶಾಲೆಗಳಂತೆ. ಪಾಠಕ್ರಮ ಹಳೆಯ ದರ್ಸೆ ನಿಜಾಮಿಯೇ. ಆದರೆ ನವಾಬನ ಕಚೇರಿ ಹೋಗಿತ್ತಲ್ಲ. ತರ್ಕದ ಪಾಲು ಇಳಿದು ಹದೀಸಿನ ಪಾಲು ಏರಿತು. ಇಂದಿಗೂ ಪ್ರಾಥಮಿಕ ಓದಿನ ಮೇಲೆ ಸುಮಾರು ಎಂಟು ವರ್ಷದ ಅಭ್ಯಾಸ. ಕೊನೆಯ ವರ್ಷ ಹದೀಸಿನ ಆರು ದೊಡ್ಡ ಸಂಗ್ರಹಗಳು. ಮುಫ್ತಿಯಾಗಬೇಕಾದರೆ ಅದರ ಮೇಲೆ ಮತ್ತೂ ಓದಬೇಕು.

ಜನರ ಹಿಡಿಕಾಳು ಉಂಡು ಬೆಳೆದ ಈ ವಿದ್ಯೆ ಜನರ ಋಣ ತೀರಿಸಿತೆ? ದಾಳಿಂಬೆ ಗಿಡದ ಕೆಳಗಿನ ಆ ಮೊದಲ ಶಿಷ್ಯ ಮಹಮೂದ್ ಹಸನ್. ಇಂಗ್ಲಿಷರ ಆಳ್ವಿಕೆ ಕಿತ್ತುಹಾಕಲು ಹೂಡಿದ ಗುಪ್ತ ಹಂಚಿಕೆ ೧೯೧೬ರಲ್ಲಿ, ರೇಷ್ಮೆ ಬಟ್ಟೆಯ ಮೇಲೆ ಬರೆದ ಪತ್ರಗಳು ಸಿಕ್ಕಿಬಿದ್ದು ಬಯಲಾಯಿತು. ಮುಪ್ಪಿನ ವಯಸ್ಸಿನ ಈ ಗುರುವನ್ನು ಮಾಲ್ಟಾ ದ್ವೀಪದಲ್ಲಿ ೧೯೨೦ರವರೆಗೆ ಸೆರೆಯಿಟ್ಟರು. ಬಿಡುಗಡೆಯಾಗಿ ಬಂದವರು ಅದೇ ಅಕ್ಟೋಬರಿನಲ್ಲಿ, ಸರಕಾರದ ಹಣ ಬೇಡವೆಂದು ಹುಟ್ಟಿದ ಜಾಮಿಯಾ ಮಿಲ್ಲಿಯಾದ ಪ್ರಾರಂಭೋತ್ಸವದ ಅಧ್ಯಕ್ಷತೆ ವಹಿಸಿ, ಒಂದು ತಿಂಗಳಲ್ಲಿ ಕಣ್ಣುಮುಚ್ಚಿದರು. ಅವರೊಡನೆ ಮಾಲ್ಟಾದಲ್ಲಿದ್ದ ಶಿಷ್ಯ ಹುಸೇನ್ ಅಹಮದ್ ಮದನಿ, ಒಂದು ದೇಶದಲ್ಲಿ ಬಾಳುವ ಹಿಂದೂ ಮುಸಲ್ಮಾನರೆಲ್ಲ ಒಂದೇ ರಾಷ್ಟ್ರವೆಂದು ೧೯೩೮ರಲ್ಲಿ ಗ್ರಂಥ ಬರೆದು ದೇಶವಿಭಜನೆಯನ್ನು ಎದುರಿಸಿದರು. ಆ ಮಾತಿಗಾಗಿ ತಮ್ಮವರಿಂದಲೇ ಬೈಸಿಕೊಂಡರು. ಅದೇ ಶಾಲೆಯ ಶಬ್ಬೀರ್ ಅಹಮದ್ ಉಸ್ಮಾನಿಯವರು ಪಾಕಿಸ್ತಾನದ ಪಕ್ಷ ಹಿಡಿದರೆಂಬುದನ್ನೂ ಹೇಳಬೇಕು. ಒಂದೇ ಗ್ರಂಥ ಓದಿದವರು ಎರಡು ದಾರಿ ಹಿಡಿದರು. ಆದ್ದರಿಂದ ‘ಮುಲ್ಲಾಗಳೆಲ್ಲ ಹೀಗೆ’ ಎಂದು ಒಂದೇ ಉಸಿರಿನಲ್ಲಿ ಹೇಳುವವರ ಮಾತನ್ನು ನಂಬಬೇಡಿ. ಪೂರ್ವ ಬಂಗಾಳದ ಮೌಲಾನಾ ಭಾಷಾನಿ ಸ್ವಲ್ಪ ಕಾಲ ದೇವಬಂದಿನಲ್ಲಿ ಓದಿದವರೇ. ಜೀವಮಾನವೆಲ್ಲ ಗೇಣಿದಾರರ ಪರ ಜಮೀನ್ದಾರರೊಡನೆ ಹೋರಾಡಿ ‘ಕೆಂಪು ಮೌಲಾನಾ’ ಎನ್ನಿಸಿಕೊಂಡರು.

ಹೊಗಳಿಕೆ ಸಾಕು, ಕುಂದುಗಳನ್ನೂ ಹೇಳೋಣ. ಮೊದಲನೆಯದು, ಪಾಠಕ್ರಮ ನಿಂತ ನೀರಾಯಿತೆಂಬ ದೂರು. ಇದು ಹೊರಗಿನವರ ದೂರಲ್ಲ. ೧೮೯೪ರಲ್ಲಿ ಕಾನಪುರದಲ್ಲಿ ಸೇರಿದ ಉಲೇಮಾಗಳೇ ಈ ಮಾತೆತ್ತಿ ನದ್ವತುಲ್ ಉಲೇಮಾ ಸಂಸ್ಥೆ ಕಟ್ಟಿದರು. ಶಿಬ್ಲಿ ನೂಮಾನಿಯವರು ಅಲ್ಲಿ ಇಂಗ್ಲಿಷ್ ಭಾಷೆಯನ್ನೂ ಹೊಸ ವಿದ್ಯೆಯನ್ನೂ ಸೇರಿಸಲು ಹೆಣಗಿದರು. ಎರಡನೆಯದು, ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದ್ದು. ಹನ್ನೊಂದನೆಯ ಶತಮಾನದಲ್ಲಿ ಕರೀಮಾ ಎಂಬ ಮರ್ವ್ ಪಟ್ಟಣದ ವಿದುಷಿ ಮೆಕ್ಕಾದಲ್ಲಿ ಕುಳಿತು ಬುಖಾರಿ ಸಂಗ್ರಹವನ್ನು ಪಾಠ ಹೇಳುತ್ತಿದ್ದಳು. ಬಗದಾದಿನ ಘನ ಪಂಡಿತರು ಅವಳ ಶಿಷ್ಯರಾಗಿದ್ದರು. ಲಖನೌದ ನದ್ವಾದಲ್ಲಿ ಓದಿದ ಮಹಮ್ಮದ್ ಅಕ್ರಂ ನದ್ವಿಯವರು ಇಂಥ ಸಾವಿರಾರು ವಿದುಷಿಯರ ಚರಿತ್ರೆಯನ್ನು ಸಂಗ್ರಹಿಸಿ ೨೦೨೧ರಲ್ಲಿ ನಲವತ್ತಮೂರು ಸಂಪುಟಗಳಲ್ಲಿ ಹೊರತಂದಿದ್ದಾರೆ. ಹಾಗಿದ್ದ ಮೇಲೆ ನಡುವೆ ಆ ಬಾಗಿಲು ಮುಚ್ಚಿದವರು ಯಾರು? ಗ್ರಂಥವೋ ಗಂಡಸರೋ? ಈಗ ಹೆಣ್ಣುಮಕ್ಕಳ ಮದರಸಾಗಳು ಎದ್ದಿವೆ. ಮಗ್ಗಗಳ ಊರಾದ ಮಾಲೆಗಾಂವದ್ದು ಬಹಳ ಹೆಸರಾದದ್ದು.

ನಮ್ಮ ನಾಡಿನ ಹುಡುಗರು ಬಹುಕಾಲ ವೇಲೂರಿನ ಬಾಖಿಯಾತ್ ಮದರಸಾಕ್ಕೋ ದೇವಬಂದಿಗೋ ಹೋಗುತ್ತಿದ್ದರು. ೧೯೬೦ರಲ್ಲಿ ಬೆಂಗಳೂರಿನಲ್ಲಿ ಸಬೀಲುರ್ ರಶಾದ್, ೧೯೬೨ರಲ್ಲಿ ಭಟ್ಕಳದಲ್ಲಿ ಜಾಮಿಯಾ ಇಸ್ಲಾಮಿಯಾ ಹುಟ್ಟಿದವು.

ಮುಸಲ್ಮಾನರ ಮಕ್ಕಳೆಲ್ಲ ಮದರಸಾದಲ್ಲೇ ಇದ್ದಾರೆಂಬ ಗಾಳಿಮಾತಿಗೆ ಇಲ್ಲೇ ಉತ್ತರ ಕೊಡಬೇಕು. ೨೦೦೬ರ ಸಾಚಾರ್ ಸಮಿತಿಯ ವರದಿಯಂತೆ ಶಾಲೆಯ ವಯಸ್ಸಿನ ಮುಸಲ್ಮಾನ ಮಕ್ಕಳಲ್ಲಿ ಮದರಸಾಗಳಲ್ಲಿ ಓದುತ್ತಿದ್ದವರು ನೂರಕ್ಕೆ ಸುಮಾರು ಮೂರು ಮಂದಿ. ಬೆಳಿಗ್ಗೆ ಸಂಜೆ ಮಸೀದಿಯಲ್ಲಿ ಕುರಾನು ಓದಲು ಕಲಿತು ಹಗಲು ಸರಕಾರಿ ಶಾಲೆಗೆ ಹೋಗುವ ಮಕ್ಕಳನ್ನು ಈ ಲೆಕ್ಕಕ್ಕೆ ಸೇರಿಸುವುದು ತಪ್ಪು. ಆ ಮೂರು ಮಂದಿ ಯಾರು? ಬಹುಪಾಲು ಬಡವರ ಮಕ್ಕಳು. ಅಲ್ಲಿ ಊಟ ಇದೆ, ಮಲಗಲು ಜಾಗ ಇದೆ, ಫೀಜು ಇಲ್ಲ. ಅವರನ್ನು ಮದರಸಾದಿಂದ ಬಿಡಿಸಬೇಕೆಂದು ಕೂಗುವವರು ಮೊದಲು ಅಂಥ ಊಟ, ಅಂಥ ವಸತಿ ಕೊಡುವ ಸರಕಾರಿ ಶಾಲೆಯನ್ನು ತೋರಿಸಲಿ.

ಸರಕಾರದ ಕೈ ಹೇಗಿರುತ್ತದೆಂಬುದಕ್ಕೆ ಉತ್ತರ ಪ್ರದೇಶದ ಉದಾಹರಣೆ ಸಾಕು. ಮದರಸಾಗಳಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸಲೆಂದು ಕೇಂದ್ರದ ಯೋಜನೆಯಡಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಉಪಾಧ್ಯಾಯರು ದುಡಿದರು. ಕೇಂದ್ರದ ಪಾಲು ವರ್ಷಗಟ್ಟಲೆ ಬರಲಿಲ್ಲ. ೨೦೨೨ರಲ್ಲಿ ಯೋಜನೆಯೇ ಮುಗಿಯಿತು. ೨೦೨೪ರ ಆರಂಭದಲ್ಲಿ ರಾಜ್ಯ ಕೊಡುತ್ತಿದ್ದ ಭತ್ಯವೂ ನಿಂತಿತು. ಅವರಲ್ಲಿ ಹಿಂದೂಗಳೂ ಇದ್ದರು. ಅದೇ ವರ್ಷ ಮಾರ್ಚಿನಲ್ಲಿ ಅಲಹಾಬಾದ್ ಹೈಕೋರ್ಟು ಆ ರಾಜ್ಯದ ಮದರಸಾ ಕಾನೂನನ್ನೇ ರದ್ದುಮಾಡಿತು; ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಉನ್ನತ ಪದವಿಗಳ ಭಾಗವನ್ನು ಬಿಟ್ಟು, ಕಾನೂನನ್ನು ಎತ್ತಿಹಿಡಿಯಿತು. ನ್ಯಾಯ ಸಿಕ್ಕಿತು, ಆದರೆ ಕೆಲಸಗಾರನಿಗೆ ಪಗಾರ ಸಿಗಲಿಲ್ಲ.

ಇನ್ನು ನಮ್ಮ ಓಣಿಯ ಮಸೀದಿಗೆ ಬರೋಣ. ಎಂಟು ವರ್ಷ ಓದುವ ಹುಡುಗ ಧರ್ಮಶಾಸ್ತ್ರದಲ್ಲಿ ಮಾರಾಟ, ಪಾಲುದಾರಿಕೆ, ಬಾಡಿಗೆ, ಕೂಲಿ ಇವುಗಳ ಅಧ್ಯಾಯಗಳನ್ನು ಓದುತ್ತಾನೆ. ದುಡಿದವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿಯ ಬೋಧನೆಯನ್ನು ಕಲಿಯುತ್ತಾನೆ. ಆಮೇಲೆ ಒಂದು ಮಸೀದಿಯಲ್ಲಿ ಇಮಾಮನಾಗಿ, ಸಂಜೆ ಮಕ್ಕಳಿಗೆ ಗುರುವಾಗಿ ಸೇರುತ್ತಾನೆ. ಅವನಿಗೆ ಸಿಗುವುದು ಎಷ್ಟೋ ಕಡೆ ಗಿರಣಿಯ ಬದಲಿ ಕೆಲಸಗಾರನ ಪಗಾರಕ್ಕಿಂತ ಕಡಿಮೆ. ವಕ್ಫ್ ಮಂಡಳಿಗಳು ಇಮಾಮರಿಗೆ ಸಂಬಳ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ೧೯೯೩ರಲ್ಲೇ ಹೇಳಿತು. ಆದರೂ ಸಣ್ಣ ಮಸೀದಿಗಳಲ್ಲಿ ಜಮಾತಿನವರು ಕೊಟ್ಟಷ್ಟೇ ಪಾಲಿಗೆ ಬಂದದ್ದು. ಹೀಗೆ ಅರೆಹೊಟ್ಟೆಯಲ್ಲಿರುವವನು ಶುಕ್ರವಾರದ ಪ್ರವಚನದಲ್ಲಿ, ಮುಂದಿನ ಸಾಲಿನಲ್ಲೇ ಕುಳಿತ ಸಾಹುಕಾರನ ಬಡ್ಡಿಯ ವಿಷಯ, ಅವನ ಕಾರಖಾನೆಯ ಕೂಲಿಯ ವಿಷಯ ಎತ್ತಲು ಸಾಧ್ಯವೆ? ಅಬೂ ಹನೀಫಾರ ಎದೆಗಾರಿಕೆಯನ್ನು ಅವನಿಂದ ನಾವು ಬಯಸುತ್ತೇವೆ. ಅಬೂ ಹನೀಫಾರ ಅಂಗಡಿ ಅವನಿಗೆ ಎಲ್ಲಿದೆ?

ಆದ್ದರಿಂದ ಕೊನೆಗೆ ನಾವು ಹೇಳುವುದು ಇಷ್ಟು. ಚಂದಾ ಪೆಟ್ಟಿಗೆಗೆ ಹತ್ತು ರೂಪಾಯಿ ಹಾಕುವ ಮುಸಲ್ಮಾನ ಕೆಲಸಗಾರ ಮಿತ್ರರೆ, ಆ ಹಣ ನಿಮ್ಮದು. ಲೆಕ್ಕ ಕೇಳಿ; ದೇವಬಂದಿನವರು ನೂರೈವತ್ತು ವರ್ಷದ ಹಿಂದೆಯೇ ಲೆಕ್ಕ ಅಚ್ಚುಹಾಕಿಸಿದರು. ನಿಮ್ಮ ಇಮಾಮನಿಗೂ ಉಸ್ತಾದನಿಗೂ ಹೊಟ್ಟೆ ತುಂಬುವ ಪಗಾರ ಗೊತ್ತುಮಾಡಿ, ಅದು ತಿಂಗಳ ಮೊದಲ ವಾರ ಕೈಸೇರಲಿ. ಹುಡುಗನಿಗೆ ಕುರಾನಿನ ಜೊತೆ ಕನ್ನಡ, ಗಣಿತ, ವಿಜ್ಞಾನ ಬರಲಿ; ಹಳೆಯ ದರ್ಸೆ ನಿಜಾಮಿಯಲ್ಲೇ ಯೂಕ್ಲಿಡನು ಇದ್ದನೆಂದು ಹಿರಿಯರಿಗೆ ನೆನಪು ಮಾಡಿಕೊಡಿ. ಕೈಯಲ್ಲಿ ಇನ್ನೊಂದು ಕಸುಬು ಇರುವ ಆಲಿಮ್ ಯಾರಿಗೂ ತಲೆಬಾಗಬೇಕಾಗಿಲ್ಲ. ಆ ಪಾದರಕ್ಷೆಯವನೂ ಬೀಗದವನೂ ಅದಕ್ಕೆ ಸಾಕ್ಷಿ. ಚಂದಾ ಕೊಟ್ಟವನು ಲೆಕ್ಕ ಕೇಳಲಿ, ಫತ್ವಾ ಕೊಳ್ಳಲು ಹೋಗದಿರಲಿ.

ಮುಸಲ್ಮಾನರಲ್ಲದ ಮಿತ್ರರಿಗೂ ಒಂದು ಮಾತು. ಈ ಪ್ರಶ್ನೆ ಅವರ ಮನೆಯದು ಮಾತ್ರವಲ್ಲ. ನಮ್ಮ ಗುಡಿಯ ಅರ್ಚಕ, ಮಠದ ಸ್ವಾಮಿ, ಇಗರ್ಜಿಯ ಪಾದ್ರಿ, ಕಾಲೇಜಿನ ಮೇಷ್ಟರು, ಪತ್ರಿಕೆಯ ಬರಹಗಾರರು ಇವರೆಲ್ಲರೂ ಯಾರ ಅನ್ನ ಉಣ್ಣುತ್ತಿದ್ದಾರೆ, ಯಾರ ಮುಂದೆ ದನಿ ತಗ್ಗಿಸುತ್ತಿದ್ದಾರೆ ಎಂದು ಕೇಳುವ ಹಕ್ಕು ನಮಗಿದೆ. ಪಕ್ಕದವನ ಮೌಲ್ವಿಯನ್ನು ಅಳೆಯುವ ಕೋಲಿನಿಂದಲೇ ನಮ್ಮವರನ್ನೂ ಅಳೆಯೋಣ. ಹಾಗೆ ಅಳೆದ ದಿನ ಗುಮಾನಿಯ ಹೊಲದಲ್ಲಿ ಫಸಲು ಕೊಯ್ಯುವವರ ಕಣ ಬರಿದಾಗುತ್ತದೆ.